ದಕ್ಷಿಣದ ಬಾಗಿಲು

ಇಂದುಮತಿಯ ಹೋಟೆಲಿಗೆ ಬಂದವರು ಕೊಠಡಿಗಿಂತ ಮೊದಲು ಕಥೆ ಕೇಳುತ್ತಿದ್ದರು. ಡಲ್ಲಾಸಿನಿಂದ ಆಸ್ಟಿನ್‌ಗೆ ಹೋಗುವ ದಾರಿಯ ಆ ಕಲ್ಲುಕಟ್ಟಡ ಒಂದು ಕಾಲಕ್ಕೆ ಕುದುರೆಗಾಡಿಗಳ ಛತ್ರ. ಗಾಡಿಯವರು ಕುದುರೆ ಬದಲಿಸುವಷ್ಟರಲ್ಲಿ ಪ್ರಯಾಣಿಕರು ಧೂಳು ಕೊಡವಿಕೊಂಡು ದಕ್ಷಿಣದ ದೊಡ್ಡ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಅವರ ಬೂಟುಗಳಿಗೆ ಸವೆದು ಹೊಸ್ತಿಲ ಕಲ್ಲು ನಡುವೆ ತಗ್ಗಾಗಿತ್ತು. ರೈಲು ಬಂದಮೇಲೆ ಛತ್ರ ದಿನಸಿ ಅಂಗಡಿಯಾಯಿತು, ಆಮೇಲೆ ಹುಲ್ಲಿನ ಗೋದಾಮು, ಕೊನೆಗೆ ಹೋಟೆಲು. ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಚರಿತ್ರೆ ಕಲಿಸುತ್ತಿದ್ದ ಇಂದುಮತಿ ಇದನ್ನೆಲ್ಲ ಆ ಊರಿನ ಮುದುಕಿಯರ ಜೊತೆ ಕಾಫಿ ಕುಡಿದೂ ಕುಡಿದೂ ಸಂಪಾದಿಸಿದ್ದಳು. ಅಮೆರಿಕದಲ್ಲಿ ಅವಳ ಪಾಠ ಕೇಳುವವರು ಸಿಕ್ಕಿದ್ದು ಆ ಹೊಸ್ತಿಲ ಮೇಲೆಯೇ.

ಗಂಡ ಮೋಹನರಾಜ ಡಲ್ಲಾಸಿನ ಪಕ್ಕದ ಪ್ಲೇನೋ ಊರಿನ ಕೆಲಸ ಬಿಟ್ಟು ಹೋಟೆಲು ಕೊಂಡವನು. ಒಂದು ಬೇಸಿಗೆ ಮೂರ್ನಾಲ್ಕು ಮದುವೆ ಬುಕಿಂಗ್ ಕ್ಯಾನ್ಸಲ್ ಆದವು. ಬೇರೆಯವರಾಗಿದ್ದರೆ ಕೆಟ್ಟುಹೋದ ಏಸಿಯ ಕಡೆ ನೋಡುತ್ತಿದ್ದರು. ಈ ಮಹಾರಾಯ ಬೆಂಗಳೂರಿನ ವಾಸ್ತು ಪಂಡಿತರಿಗೆ ವಿಡಿಯೋ ಕಾಲ್ ಮಾಡಿ, ಫೋನ್ ಹಿಡಿದುಕೊಂಡು ಕಟ್ಟಡ ಸುತ್ತಿದ. ಯಮನ ದಿಕ್ಕಿನ ಬಾಗಿಲು, ಮುಚ್ಚಿಸಿ ಎಂದು ಅಪ್ಪಣೆಯಾಯಿತು.

ಇಂದುಮತಿ ಅಂಗಲಾಚಿದಳು. ಪಾರಂಪರಿಕ ಕಟ್ಟಡವೆಂಬ ಮನ್ನಣೆಗಾಗಿ ಅವಳು ವರ್ಷಗಟ್ಟಲೆ ಓಡಾಡಿದ್ದಳು. ಅದು ಸಿಕ್ಕರೆ ಮುಂದೆ ಯಾರೂ ಆ ಕಟ್ಟಡವನ್ನು ಕೆಡವುವಂತಿರಲಿಲ್ಲ.

“ರೀ, ಆ ಬಾಗಿಲೇ ಈ ಹೋಟೆಲು. ಅದೊಂದನ್ನ ಬಿಟ್ಬಿಡಿ.”

“ನೀನು ಕಥೆ ಹೇಳ್ಕೊಂಡಿರು. ನಡೆಸೋನು ನಾನು.”

ಅವಳು ಸೈಪ್ರೆಸ್ ಊರಿನಲ್ಲಿದ್ದ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿದ್ದಲ್ಲಿ ಗೋಡೆ ಎದ್ದಿತ್ತು. ಹೊಸ್ತಿಲ ಕಲ್ಲನ್ನು ಒಡೆದು ಪಾರ್ಕಿಂಗಿನ ಗುಂಡಿಗೆ ತುಂಬಿದ್ದರು. ಪೂರ್ವಕ್ಕೆ ಗಾಜಿನ ಬಾಗಿಲು, ಅದಕ್ಕೆ ಪ್ಲಾಸ್ಟಿಕ್ ಮಾವಿನ ತೋರಣ.

ಮನ್ನಣೆಗಾಗಿ ಕಟ್ಟಡ ಪರೀಕ್ಷಿಸಲು ಬಂದ ಹೆಂಗಸು ಆ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ, ಸಾರಿ ಎಂದು ಹೇಳಿ ಕಾರು ಹತ್ತಿದಳು. ಮನ್ನಣೆ ತಪ್ಪಿತು. ಹಳೆಯದನ್ನು ನೋಡಲೆಂದೇ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಉಳಿದವರಿಗೆ ಹೆದ್ದಾರಿಯ ಪಕ್ಕ ಇದಕ್ಕಿಂತ ಚೆಂದದ ಗಾಜಿನ ಬಾಗಿಲುಗಳಿದ್ದವು. ಮೋಹನರಾಜ ಹೇಗೋ ಎಳೆದಾಡಿ ಕೊನೆಗೆ ಮಾರಿದ. ಕೊಂಡವರು ಕಟ್ಟಡ ಕೆಡವಿ ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್, ಕಟ್ಟುವವರು.

ಬೀಗದ ಕೈ ಕೊಟ್ಟು ವಾಪಸು ಡ್ರೈವ್ ಮಾಡುವಾಗ ಅವನು, ಪೂರ್ವದ ಬಾಗಿಲು ಇಟ್ಟಿದ್ದಕ್ಕೇ ಗಿರಾಕಿ ಸಿಕ್ಕಿದ್ದು ಎಂದ. ಇಂದುಮತಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಸಂಸಾರ ಮಾಡಿದವನ ಮುಖ ನೋಡಲು ಅಸಹ್ಯವಾಗಿ ಕಿಟಕಿಯ ಕಡೆ ತಿರುಗಿದಳು.

ಪ್ಲೇನೋ ಹತ್ತಿರದ ಮರ್ಫಿ ಎಂಬ ಊರಿನ ಮನೆಗೆ ಶಿಫ್ಟ್ ಆದಮೇಲೆ ಪಕ್ಕದ ಮನೆಯ ನಿರುಪಮಾ ಊಟಕ್ಕೆ ಕರೆದಳು. ಅಲ್ಲಿ ನಾಲ್ಕು ಜನರೆದುರು ಮೋಹನರಾಜ ಹೆಮ್ಮೆಯಿಂದ, “ಇಂದು, ನಮ್ ಹೋಟೆಲ್ ಕಥೆ ಹೇಳು. ಕುದುರೆಗಾಡಿ, ಛತ್ರ, ಅದೆಲ್ಲ,” ಎಂದ.

ಎಲ್ಲರೂ ಅವಳ ಕಡೆ ತಿರುಗಿದರು. ಇಂದುಮತಿ ತಟ್ಟೆಯಿಂದ ತಲೆಯೆತ್ತಲಿಲ್ಲ.

“ಅಲ್ಲೊಂದು ಗ್ಯಾಸ್ ಸ್ಟೇಷನ್ ಇದೆ. ಅಷ್ಟೇ.”