ಮೂಸಿದ ಎಡೆ

ಸಿಂಚನಾ, ಯಶವಂತಾ, ನಿಮ್ಮಪ್ಪ ಕುಡಿತ ಬಿಡಲು ಸೇರಿರುವ ಹಳೇಬೀಡಿನ ಹತ್ತಿರದ ಈ ಕೇಂದ್ರಕ್ಕೆ ನಾನು ಅಡುಗೆಯವಳಾಗಿ ಬಂದ ದಿನ, ಗೇಟಿನಲ್ಲೇ ನನ್ನ ಎಲೆಯಡಿಕೆ ಚೀಲ ಬಿಚ್ಚಿಸಿ ಮೂಸಿದರು. ಹೊಗೆಸೊಪ್ಪನ್ನು ತೆಗೆದಿಟ್ಟುಕೊಂಡರು. ಮಗನ ಮೇಲೆ ಕಣ್ಣಿಡಲು ಬಂದವಳು ನಾನು, ನನ್ನನ್ನೇ ಅನುಮಾನಿಸಿದರು.

ನನಗೂ ಇವರ ಮೇಲೆ ನಂಬಿಕೆ ಇರಲಿಲ್ಲ. ಇದನ್ನು ನಡೆಸುವ ಶಿವಣ್ಣನೇ ಒಂದು ಕಾಲದ ಕುಡುಕ. ನಮ್ಮೂರು ಕಣಕಟ್ಟೆಯಲ್ಲಿ ಗಂಡಸು ಕುಡಿದು ಬಿದ್ದರೆ ಜ್ವರವೆಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಇಲ್ಲಿ ಬೆಳಿಗ್ಗೆ ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು ತಮ್ಮ ಕುಡಿತದ ಕಥೆಯನ್ನು ತಾವೇ ಹೇಳುತ್ತಾರೆ. ಅದಕ್ಕೆ ‘ಶೇರಿಂಗ್’ ಎನ್ನುತ್ತಾರೆ. ನಿಮ್ಮಮ್ಮ ನಿಮ್ಮನ್ನು ಕರೆದುಕೊಂಡು ಗೆಂಡೆಹಳ್ಳಿಯ ತವರಿಗೆ ಹೋದದ್ದನ್ನೂ ನಿಮ್ಮಪ್ಪ ಅಲ್ಲಿ ಹೇಳಿದ. ಅಡುಗೆಮನೆಯಲ್ಲಿದ್ದ ನಾನು ತಲೆ ತಗ್ಗಿಸಿದೆ. ಅವನನ್ನು ಮಾಲೇಕಲ್ಲಿನ ದೇವರ ಬೆಟ್ಟಕ್ಕೆ ಕರೆದೊಯ್ದು, ಕುಡಿಯುವುದಿಲ್ಲವೆಂದು ಆಣೆ ಮಾಡಿಸುತ್ತೇನೆಂದರೆ ಶಿವಣ್ಣ ಬೇಡವೆಂದ. ಆಣೆ ಮುರಿದವನು ಆ ಹೆದರಿಕೆಗೇ ಮತ್ತಷ್ಟು ಕುಡಿಯುತ್ತಾನಂತೆ. ಅದನ್ನೂ ನಾನು ನಂಬಲಿಲ್ಲ.

ಪಿತೃಪಕ್ಷ ಬಂತು. ಸತ್ತವರಿಗೆ ಅವರ ಇಷ್ಟದ್ದನ್ನು ಎಡೆ ಇಡುತ್ತೇವಲ್ಲ, ನಿಮ್ಮ ತಾತನ ಎಡೆಗೆ ಪ್ರತಿವರ್ಷ ಬ್ರಾಂದಿ. ಪೂಜೆಯಾದ ಮೇಲೆ ಅದು ಪ್ರಸಾದವಾಗಿ ನಿಮ್ಮಪ್ಪನ ಪಾಲು. ಇಲ್ಲಿಯೂ ಎಡೆ ಇಡಲು ಶಿವಣ್ಣ ಒಪ್ಪಿದ. ನಿಮ್ಮಪ್ಪ ಬಾಳೆಲೆಯ ಪಕ್ಕ ಲೋಟ ಇಟ್ಟ. ಒಳಗೆ ಅದೇ ಬಣ್ಣ. ಹಿರಿಯರು ಉಣ್ಣುವ ಮೊದಲು ಎಡೆಯನ್ನು ಮೂಸಬಾರದೆಂದು ಗೊತ್ತಿದ್ದೂ, ಅಷ್ಟು ಗಂಡಸರ ಎದುರು ಬಗ್ಗಿ ಮೂಸಿಬಿಟ್ಟೆ.

ಬೆಲ್ಲದ ಕಾಫಿ.

“ಎಡೆ ಮೂಸ್ಬುಟ್ಟಲ್ಲವ್ವ,” ಎಂದ ನಿಮ್ಮಪ್ಪ. “ಇನ್ನು ಅಪ್ಪ ಮುಟ್ಟಾಕಿಲ್ಲ.”

“ಬಣ್ಣ ಯಾಕ್ಲಾ ಹಂಗೈತೆ?” ಎಂದೆ.

“ಅಪ್ಪಂಗೆ ಗೊತ್ತಾಗ್ದೆ ಇರ್ಲಿ ಅಂತ.”

“ನಮ್ ಗೇಟಿಗೆ ಈ ಅವ್ವನ್ನೇ ನಿಲ್ಲಿಸ್ಬೇಕು ಕಣ್ರಪ್ಪಾ,” ಎಂದ ಶಿವಣ್ಣ. ಎಲ್ಲರೂ ನಕ್ಕರು. ನಿಮ್ಮಪ್ಪ ನಗಲಿಲ್ಲ. ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿ ಬಂದು, “ಈ ಸಲ ನೀನೇ ಕಾಸ್ಕೊಡವ್ವ,” ಎಂದ.

ಕಾಸಿ ಕೊಟ್ಟೆ. ಆದರೂ ಅವನು ಒಲೆಯಿಂದ ಎಲೆಯವರೆಗೆ ಒಯ್ಯುವಾಗ ಆ ಲೋಟದ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಪೂಜೆಯಾದ ಮೇಲೆ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡು ಕುಡಿದ.

ಕಣಕಟ್ಟೆಗೆ ಹೋದರೆ ಇಲ್ಲಿನ ಒಲೆ ನೆನಪಾಗುತ್ತದೆ. ಇಲ್ಲಿದ್ದರೆ ಅಲ್ಲಿ ಹಾಕಿ ಬಂದ ಬಾಗಿಲು. ಎರಡು ಕಡೆಯೂ ನನಗೆ ಅರೆನಿದ್ದೆಯೇ. ನಿಮ್ಮಪ್ಪ ನಿಮ್ಮನ್ನು ನೋಡಲು ಗೆಂಡೆಹಳ್ಳಿಗೆ ಬರುತ್ತಾನೆ. ಬಂದಾಗ ಹತ್ತಿರ ಹೋಗಿ ಕೂತುಕೊಳ್ಳಿ, ಮೂಸಬೇಡಿ. ಆ ಕೆಲಸ ನನಗಿರಲಿ. ಈ ಹಾಳೆಗಳನ್ನು ನಿಮ್ಮಮ್ಮನ ಟ್ರಂಕಿನಲ್ಲಿ, ನಿಮ್ಮ ಬಟ್ಟೆಗಳ ಕೆಳಗೆ ಜೋಪಾನವಾಗಿಡಿ.