ಎಲ್ಲದಕ್ಕೂ ಹೂಂ ಎಂದ ಬೆರಳು

ಮೊಬೈಲ್ ಅಂಗಡಿಯವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಫೋನಿನ ಹಿಂದಿನ ಮುಚ್ಚಳ ಎಬ್ಬಿಸಲಿಕ್ಕೆ ಅದೇ ಅವರ ಆಯುಧ. ಕಾಪು ಪೇಟೆಯಲ್ಲಿ ಓದು ಕಡಿಮೆಯಾದ ನಮ್ಮಂಥವರೆಲ್ಲ ಫೋನನ್ನು ಅವರ ಕೈಗಿಟ್ಟು "ನೀವೇ ಒತ್ತಿ" ಎನ್ನುವುದು ವಾಡಿಕೆ. ಅದು ಇಂಗ್ಲಿಷಿನಲ್ಲಿ ಏನೇ ಕೇಳಲಿ, ಅವರು "ಹೂಂ, ಹೂಂ" ಎನ್ನುತ್ತ ಒತ್ತುತ್ತಿದ್ದರು.

ನನಗೆ ಏಕಾದಶಿ ನೆನಪಿಸುವ ಪಂಚಾಂಗದ ಆ್ಯಪ್ ಹಾಕಿಕೊಟ್ಟದ್ದೂ ಅವರೇ.

ಮಣಿಪಾಲದಲ್ಲಿರುವ ಮಗಳು ಬಸುರಿಯಾದಳು. ಹಿಂದೊಮ್ಮೆ ಗರ್ಭ ನಿಲ್ಲದೆ ಹೋಗಿತ್ತು; ಅದಕ್ಕೆ "ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡಮ್ಮ" ಎಂದಿದ್ದಳು. ಆಸ್ಪತ್ರೆಯಲ್ಲಿ ನನ್ನ ನಂಬರು ಕೊಟ್ಟಿದ್ದಳು; ಅಲ್ಲಿಯ ಮೆಸೇಜುಗಳು ನನ್ನ ಫೋನಿಗೇ ಬರುತ್ತಿದ್ದವು. ಸಂತೋಷ ಎದೆಯಲ್ಲಿ ಹಿಡಿಸದಿದ್ದರೂ ನಾನು ಬಾಯಿ ಬಿಡಲಿಲ್ಲ.

ಒಂದು ದಿನ ಕಾರ್ಕಳದ ನಾದಿನಿಗೆ ಆ ಪಂಚಾಂಗದವರ ಫೋನು. ನನ್ನ ಹೆಸರು ಹೇಳಿ, "ಅವರ ಮನೆಗೆ ಮಗು ಬರುವುದುಂಟಲ್ಲ, ಜಾತಕ ಬರೆಸುತ್ತೀರಾ?" ಎಂದರಂತೆ. ಸಂಜೆಯೊಳಗೆ ಇನ್ನೂ ನಾಲ್ಕು ನೆಂಟರ ಮನೆಗೆ ಅದೇ ಫೋನು.

"ನಿನಗೊಬ್ಬಳಿಗೇ ಹೇಳಿದ್ದೆ. ನೀನೇ ಹೀಗೆ ಮಾಡಿದೆಯಲ್ಲ!" ಎಂದು ಮಗಳು ಅತ್ತಳು. ಮತ್ತೆ ನನ್ನ ಫೋನು ಎತ್ತಲೇ ಇಲ್ಲ.

ಸೀದಾ ಅಂಗಡಿಗೆ ಹೋದೆ. ಅವರು ಫೋನಿನೊಳಗೆ ಹುಡುಕುತ್ತ ಬೆವರಿದರು. ನನ್ನ ಮೆಸೇಜು ಓದಲು, ನೆಂಟರ ನಂಬರು ತೆಗೆಯಲು ಪಂಚಾಂಗ ಒಪ್ಪಿಗೆ ಕೇಳಿತ್ತು. ಇವರ ಬೆರಳು ಹೂಂ ಎಂದಿತ್ತು.

"ತಿಥಿ ಹೇಳಲಿಕ್ಕೆ ನನ್ನ ನೆಂಟರು ಎಂತಕ್ಕೆ ಮಾರಾಯ್ರೇ? ನೀವು ಓದಲಿಲ್ವಾ?"

"ಇಲ್ಲ ಅಕ್ಕ. ನನಗೂ ಅಷ್ಟು ಇಂಗ್ಲಿಷ್ ಬರುವುದಿಲ್ಲ."

ಇಷ್ಟು ವರ್ಷ ನಾವು ನಂಬಿದ್ದು ಈ ಬೆರಳನ್ನೇ!

ಅವರು ಆ್ಯಪ್ ಅಳಿಸಿ, ಅಂಗಡಿಗೆ ಬಾಗಿಲು ಹಾಕಿ, ನನ್ನೊಟ್ಟಿಗೆ ಮಣಿಪಾಲದ ಬಸ್ಸು ಹತ್ತಿದರು. ಮಗಳ ಮುಂದೆ ಕೈಮುಗಿದು, "ಅಮ್ಮ ಹೇಳಿದ್ದಲ್ಲ ಮಗಾ, ಒತ್ತಿದ್ದು ನಾನು" ಎಂದರು. ಮಗಳು ನನ್ನ ಕೈ ಹಿಡಿದುಕೊಂಡಳು. ಹಿಂದಿರುಗುವ ಬಸ್ಸಿನಲ್ಲಿ ನಾನು ಮಾತ್ರ ಅವರನ್ನು ಬಿಟ್ಟು ದೂರದ ಸೀಟಿನಲ್ಲಿ ಕೂತೆ.

ಆಮೇಲೆ ಅವರು ಯಾರ ಫೋನಿನಲ್ಲೂ ತಾವಾಗಿ ಒತ್ತಲಿಲ್ಲ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿಕೊಟ್ಟು, "ಓದಿ, ನೀವೇ ಒತ್ತಿ" ಎನ್ನುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ಅಕ್ಷರ ಕೂಡಿಸಿ ಓದಿದೆ.

ಮೊಮ್ಮಗಳು ಹುಟ್ಟಿದಳು! ಏನು ಕಣ್ಣು, ಏನು ಕೂದಲು ಅವಳದ್ದು! ತೊಟ್ಟಿಲಿಗೆ ಹಾಕುವ ದಿನ ಅಂಗಡಿಯವರನ್ನೂ ಕರೆಯೋಣವೆಂದು ಕೊನೆಗೂ ಮನಸ್ಸು ಮಾಡಿದ್ದೆ. ಅದಕ್ಕೆ ಮೂರು ದಿನ ಮೊದಲು ಅವರು ಎದೆನೋವು ಬಂದು ತೀರಿಕೊಂಡರು.

ನನ್ನ ನೋವು ಪೂರ್ತಿ ಹೋಗಿಲ್ಲ. ಅವರ ನಂಬರನ್ನು ಅಳಿಸಿಯೂ ಇಲ್ಲ. ಯಾವುದಾದರೂ ಆ್ಯಪ್ ನನ್ನ ಫೋನಿನಲ್ಲಿರುವ ನಂಬರುಗಳನ್ನು ಕೇಳಿದರೆ, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ನಿಧಾನವಾಗಿ ಓದಿ 'ಅನುಮತಿಸಬೇಡಿ' ಎಂದು ಒತ್ತುತ್ತೇನೆ. ಅಂಗಡಿಯವರನ್ನಾದರೂ ಯಾರೂ ಕರೆದು ಕಾಡುವುದು ಬೇಡ.