ನಾಯಿಮರಿ ನೋಡಲು ಹೋದ ಭೂತಗನ್ನಡಿ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟವರು ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಹೆಂಗಸರು. ಪ್ರೀತಿಯಿಂದ ಇಟ್ಟ ಹೆಸರೇನಲ್ಲ. ಅವರು ಹೊಲಿದ ಅಂಗಿಗಳೆಲ್ಲ ಕೊನೆಗೆ ಬಂದು ಬೀಳುವುದು ಅವಳ ಮೇಜಿನ ಮೇಲೆ. ಅವಳು ಮೊದಲು ಅಂಗಿಯನ್ನು ಒಳಗು ಹೊರಗು ಮಾಡುತ್ತಾಳೆ. ಕಂಕುಳು ನೋಡುತ್ತಾಳೆ, ಕಾಲರು ನೋಡುತ್ತಾಳೆ, ಗುಂಡಿಗಳನ್ನು ಒಂದೊಂದಾಗಿ ಜಗ್ಗುತ್ತಾಳೆ. ಒಂದೇ ಒಂದು ಹೊಲಿಗೆ ಹಾರಿದ್ದರೂ ಸರಿ, ಅಲ್ಲಿಗೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಅವಳು ಪಾಸು ಮಾಡಿದ ಅಂಗಿ ಒಂದೂ ಗಿರಾಕಿಯಿಂದ ತಿರುಗಿ ಬಂದಿಲ್ಲ. ಈ ಮಾತನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ, ಕೇಳದಿದ್ದವರಿಗೂ ಹೇಳುತ್ತಾಳೆ.

ಮನೆಗೆ ಬಂದರೂ ಆ ಕಣ್ಣಿಗೆ ರಜೆಯಿಲ್ಲ. ತಟ್ಟೆ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಲೇ ಊಟ ಮುಗಿಸುತ್ತಾಳೆ. ಒಂದು ತುತ್ತಿಗೆ ಕಿಟಕಿಯ ಸರಳಿನ ಧೂಳು, ಇನ್ನೊಂದು ತುತ್ತಿಗೆ ಗಂಡನ ಯೂನಿಫಾರ್ಮಿನ ಸಡಿಲ ಗುಂಡಿ, ಮತ್ತೊಂದಕ್ಕೆ ಮಗಳ ನೋಟ್‌ಬುಕ್ಕಿನ ಸೊಟ್ಟ ಅಕ್ಷರ. ಗಂಡ ಸಿಟಿ ಬಸ್ಸಿನ ಡ್ರೈವರು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ಮಾರಾಯ್ತಿ. ನನ್ನ ಬಸ್ಸಾದ್ರೂ ಸ್ಟಾಪಲ್ಲಿ ನಿಲ್ಲತ್ತೆ," ಎನ್ನುತ್ತಾನೆ. ಅವಳು ನಗುವುದಿಲ್ಲ. ನಗುವುದಕ್ಕೂ ಒಂದು ಗಳಿಗೆ ನಿಲ್ಲಬೇಕಲ್ಲ.

ಹೀಗೆ ಇರುವುದಕ್ಕೆ ಕಾರಣವೂ ಇತ್ತು. ಮಗಳಿಗೆ ಉಬ್ಬಸ. ನಾಲ್ಕು ವರ್ಷದವಳಿದ್ದಾಗ ಒಮ್ಮೆ ಆಡುತ್ತಾಡುತ್ತಲೇ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಆಸ್ಪತ್ರೆಯ ಬಾಗಿಲು ಸೇರುವಷ್ಟರಲ್ಲಿ ತಾಯಿಯ ಜೀವ ಬಾಯಿಗೆ ಬಂದಿತ್ತು. ಆ ಹೊತ್ತು ಬಾಯಿಗೆ ಬಂದ ಜೀವ ಇಂದಿಗೂ ಪೂರ್ತಿ ಕೆಳಗೆ ಇಳಿದಿಲ್ಲ. ಈಗ ಮಗಳಿಗೆ ಹನ್ನೊಂದು. ಔಷಧಿ ಇದೆ, ಚೀಲದಲ್ಲಿ ಇನ್‌ಹೇಲರ್ ಇದೆ, ಡಾಕ್ಟರು ಪರವಾಗಿಲ್ಲ ಎನ್ನುತ್ತಾರೆ. ತಾಯಿಗೆ ಮಾತ್ರ ಪರವಾಗಿಲ್ಲ ಎನ್ನುವ ಪದವೇ ಪರವಾಗಿಲ್ಲ ಅನಿಸುವುದಿಲ್ಲ.

ಅಂಥ ಮಗಳಿಗೆ ನಾಯಿ ಬೇಕು! ಮೂರು ವರ್ಷದಿಂದ ಹಿಡಿದ ಹಟ. ಅತ್ತಿಲ್ಲ, ಕಿರುಚಿಲ್ಲ, ಸುಮ್ಮನೆ ಪ್ರತಿ ವಾರ ಒಂದು ಸಲ ಕೇಳುತ್ತಾಳೆ, ಬೇಡ ಅನ್ನಿಸಿಕೊಳ್ಳುತ್ತಾಳೆ, ತಲೆಯಾಡಿಸಿ ಓದಲು ಹೋಗುತ್ತಾಳೆ. ಈ ತಲೆಯಾಡಿಸುವುದನ್ನು ನೋಡಲಾರದೆ ತಾಯಿ ಕೊನೆಗೊಂದು ದಿನ ಡಾಕ್ಟರನ್ನೇ ಕೇಳಿದಳು.

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಪೂಡಲ್ ಅನ್ನೋ ಗುಂಗುರು ಕೂದಲಿನ ಜಾತಿಯ ಬೆರಕೆ ನಾಯಿಗಳು ಕೂದಲು ಕಡಿಮೆ ಉದುರಿಸ್ತವೆ. ಕೆಲವರಿಗೆ ಒಗ್ಗುತ್ತೆ, ಕೆಲವರಿಗೆ ಒಗ್ಗಲ್ಲ. ಕೂದಲೊಂದೇ ಅಲ್ಲಮ್ಮ, ಎಂಜಲಿಗೂ ಉಬ್ಬಸ ಬರಬಹುದು, ಚರ್ಮದ ಹೊಟ್ಟಿಗೂ ಬರಬಹುದು. ಯಾವ ನಾಯಿ ತರ್ತೀರೋ ಅದರ ಜೊತೆನೇ ಒಂದು ಗಂಟೆ ಕೂರಿಸಿ ನೋಡಿ. ಇನ್‌ಹೇಲರ್ ಪಕ್ಕದಲ್ಲೇ ಇರಲಿ. ಉಸಿರು ಸ್ವಲ್ಪ ಎಳೆದ್ರೂ ಬೇಡ."

ಹೊರಗೆ ಬಂದ ಕೂಡಲೇ ತಾಯಿ ಕಡ್ಡಿ ಮುರಿದಂತೆ ಹೇಳಿದಳು: "ಕೇಳಿಸ್ಕೊಂಡೆಯಲ್ಲ? ಒಂದು ಗಂಟೆ ಸರಿಯಾಗಿದ್ರೆ ತರೋಣ. ಇಲ್ದಿದ್ರೆ ಈ ಜನ್ಮದಲ್ಲಿ ನಾಯಿ ಮಾತು ಎತ್ತಬಾರದು."

"ಆಯ್ತಮ್ಮ," ಎಂದಳು ಮಗಳು. ಅವತ್ತಿನಿಂದ ಮನೆಯಲ್ಲಿ ಎಲ್ಲವೂ ಆ ಒಂದು ಗಂಟೆಯ ಸುತ್ತಲೇ ತಿರುಗತೊಡಗಿತು.

ಆಮೇಲೆ ಶುರುವಾಯಿತು ನೋಡಿ ಭೂತಗನ್ನಡಿಯ ಪ್ರತಾಪ. ಫೋನಿನಲ್ಲಿ ಸಿಕ್ಕ ಮೊದಲನೆಯವನು ಬೆಣ್ಣೆಯಂಥ ಮಾತುಗಾರ. ಮರಿಯ ಫೋಟೋ ಕಳಿಸಿ, ನಾಳೆಯೇ ಪೆಟ್ರೋಲ್ ಬಂಕಿನ ಹತ್ತಿರ ತಂದುಕೊಡುತ್ತೇನೆ, ಯಾವ ಬಣ್ಣ ಬೇಕು ಹೇಳಿ ಸಾಕು ಎಂದ. "ಮರಿಯ ತಾಯಿನ ನೋಡ್ಬೇಕು," ಎಂದಳು. ತಾಯಿ ದೂರದಲ್ಲಿದೆ ಎಂದ. "ಹಾಗಿದ್ರೆ ಮರಿನೂ ದೂರದಲ್ಲೇ ಇರ್ಲಿ," ಎಂದು ಫೋನು ಇಟ್ಟಳು. ಎರಡನೆಯವನು ತಾಯಿಯನ್ನು ತೋರಿಸಿದ. ಇವಳು ಅದನ್ನು ನಯವಾಗಿ ನೇವರಿಸಿ ಅಂಗಾತ ಮಲಗಿಸಿದಳು. ಹೊಟ್ಟೆ ಬಿಗಿಯಾಗಿತ್ತು, ಮೊಲೆಗಳು ಒಣಗಿ ಚಪ್ಪಟೆಯಾಗಿದ್ದವು. "ಇದು ಹಾಲು ಕುಡಿಸ್ತಿರೋ ಹೊಟ್ಟೆ ಅಲ್ಲಪ್ಪ. ಬೇರೆಯವರಿಗೆ ಹೇಳು ಕತೆನ," ಎಂದು ಎದ್ದು ಬಂದಳು. ಮೂರನೆಯವನು ಐದೇ ವಾರದ ಮರಿಯನ್ನು ಕೊಡಲು ಹೊರಟಿದ್ದ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬಾರದು ಎಂದು ಅವನಿಗೇ ಪಾಠ ಹೇಳಿ ಬಂದಳು.

ಇಲ್ಲಿಯವರೆಗೆ ಅವಳು ಮಾಡಿದ್ದು ಸರಿಯೇ. ಆದರೆ ಬೇಡ ಅನ್ನುವ ಬಾಯಿಗೆ ಅದೇ ರುಚಿ ಹತ್ತಿಬಿಡುತ್ತದೆ. ನಾಲ್ಕನೆಯ ಮರಿಯ ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿದೆ ಎಂದಳು. ಐದನೆಯ ಮನೆಯಾಕೆ ಮಾತಾಡುವಾಗ ಕಣ್ಣು ತಪ್ಪಿಸುತ್ತಾಳೆ ಎಂದಳು. ಆರನೆಯ ಮನೆಯ ಗೇಟು ಕಿರುಗುಡುತ್ತದಂತೆ! ಒಂದು ಕಡೆಯೂ ಮಗಳನ್ನು ಆ ಒಂದು ಗಂಟೆ ಕೂರಿಸುವವರೆಗೆ ವಿಷಯ ಹೋಗಲಿಲ್ಲ. ಅವಳಿಗೆ ಆ ಗಂಟೆಯ ಭಯ, ಅದಕ್ಕೇ ಬಾಗಿಲಲ್ಲೇ ತಪ್ಪು ಹುಡುಕುತ್ತಿದ್ದಾಳೆ ಎಂಬುದು ಗಂಡನಿಗೆ ಗೊತ್ತಿತ್ತು. ಹೇಳುವ ಧೈರ್ಯ ಅವನಿಗಿರಲಿಲ್ಲ.

"ಅಮ್ಮ, ನೀನು ಪಾಸ್ ಮಾಡೋ ನಾಯಿ ಹುಟ್ಟೋ ಹೊತ್ತಿಗೆ ನನಗೆ ಹಲ್ಲು ಬಿದ್ದಿರುತ್ತೆ," ಎಂದಳು ಮಗಳು, ನಗುತ್ತಲೇ.

ಆ ರಾತ್ರಿಯ ಅಡುಗೆಗೆ ಉಪ್ಪು ಬೀಳಲಿಲ್ಲ. ಮಾರನೆಯ ದಿನ ಅವಳು ಕಾರ್ಖಾನೆಯ ಹತ್ತಿರದ ಪಶುವೈದ್ಯರ ಬಳಿ ಹೋಗಿ, "ನೀವಾಗಿದ್ರೆ ಯಾರ ಹತ್ರ ತಗೋತಿದ್ರಿ?" ಎಂದು ಕೇಳಿದಳು. ಅವರು ಕೊಟ್ಟದ್ದು ಮನೆಯಲ್ಲೇ ನಾಯಿ ಸಾಕಿ ಮರಿ ಮಾಡಿಸುವ ಒಬ್ಬ ನಿವೃತ್ತ ಡ್ರಿಲ್ ಟೀಚರ ನಂಬರು.

ಟೀಚರು ಫೋನಿನಲ್ಲೇ ಇವಳನ್ನು ಒಳಗು ಹೊರಗು ಮಾಡಿದರು. ಹಗಲು ಮನೆಯಲ್ಲಿ ಯಾರಿರುತ್ತೀರಿ? ದಿನಾ ಬಾಚುವವರು ಯಾರು? ಬಾಚದಿದ್ದರೆ ಈ ಗುಂಗುರು ಕೂದಲು ಗಂಟುಕಟ್ಟಿ ಕಂಬಳಿಯಾಗುತ್ತದೆ, ಗೊತ್ತೋ? ಯಾಕೆ ಇದೇ ಜಾತಿ ಬೇಕು? ಉಬ್ಬಸದ ಮಾತು ಬಂದಾಗ ಟೀಚರು ಪ್ರಶ್ನೆ ಕೇಳುವುದನ್ನು ಬಿಟ್ಟರು. "ಪೂಡಲ್ ಬೆರಕೆ ಅಂದ್ರೆ ಏನೂ ಆಗಲ್ಲ ಅಂತ ಆಣೆ ಹಾಕೋರು ಸಿಕ್ಕಿದ್ರೆ ಅವರ ಹತ್ರ ತಗೋಬೇಡಿ. ನಾನು ಹಾಕಲ್ಲ. ಭಾನುವಾರ ಬನ್ನಿ, ನೋಡೋಣ," ಎಂದರು.

ಭಾನುವಾರ ಬೆಳಿಗ್ಗೆ ಮೂವರೂ ಹೋದರು. ದಾರಿಯುದ್ದಕ್ಕೂ ಅವಳು ಬಸ್ಸಿನಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಆಡಿದಳು. ಮನೆಯೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ನೆಲ ಒಣಗಿತ್ತು, ನೀರಿನ ಬಟ್ಟಲು ತೊಳೆದಿತ್ತು. ಮರಿಗಳ ತಾಯಿ ಲ್ಯಾಬ್ರಡಾರ್ ಜೋಲುವ ಹೊಟ್ಟೆ ಹೊತ್ತು ತಾನಾಗಿಯೇ ಬಂದು ಇವಳ ಕೈ ಮೂಸಿತು. ತಂದೆ ಪೂಡಲ್ ಪಕ್ಕದ ಕೋಣೆಯಲ್ಲಿ ಸೋಫಾ ಆಕ್ರಮಿಸಿಕೊಂಡಿತ್ತು. ವಂಶದ ರೋಗವಿಲ್ಲ ಎನ್ನಲು ಎರಡರ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆಯ ಕಾಗದ, ಎಲ್ಲ ಫೈಲಿನಲ್ಲಿ. "ಯಾವಾಗ ಸಾಕೋಕೆ ಆಗದಿದ್ರೂ ನನಗೇ ವಾಪಸ್ ಕೊಡ್ಬೇಕು, ಬೇರೆಯವರಿಗೆ ದಾಟಿಸಬಾರದು," ಎಂಬ ಕರಾರು ಬೇರೆ. ಅವಳ ಕೈಗೆ ಕೆಲಸವೇ ಸಿಗಲಿಲ್ಲ. ಮೊದಲ ಬಾರಿಗೆ ಬಾಗಿಲಲ್ಲಿ ತಪ್ಪು ಸಿಗದೆ, ಆ ಒಂದು ಗಂಟೆ ಎದುರಿಗೇ ಬಂದು ನಿಂತಿತು.

ಟೀಚರು ಚಾಪೆ ಹಾಸಿದರು. ಗಂಡ ಆರಾಮಾಗಿ ಕಾಲು ಚಾಚಿ ಕೂತ. ಎರಡು ಮರಿಗಳು ಅವನ ಚಪ್ಪಲಿಯನ್ನು ಹಂಚಿಕೊಂಡವು. ಕಂದುಬಣ್ಣದ ಒಂದು ಮರಿ ನೇರ ಮಗಳ ಮಡಿಲಿಗೆ ಹತ್ತಿ, ಎರಡು ಸುತ್ತು ತಿರುಗಿ, ಬಿದ್ದುಕೊಂಡಿತು. ಮಗಳ ಮುಖ ಹಾಗೆ ಅರಳಿದ್ದನ್ನು ತಾಯಿ ಯಾವತ್ತು ನೋಡಿದ್ದಳೋ, ನೆನಪಾಗಲಿಲ್ಲ. ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಗಡಿಯಾರ ನೋಡಿದಳು. ಹತ್ತು ನಿಮಿಷ. ಹದಿನೈದು. ಇಪ್ಪತ್ತು.

ಇಪ್ಪತ್ತೆರಡನೆಯ ನಿಮಿಷಕ್ಕೆ ಅವಳಿಗೆ ಕಂಡಿತು. ಮಗಳ ಭುಜ ಉಸಿರಿನ ಜೊತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಮಗಳು ತಲೆ ಬಗ್ಗಿಸಿ, ಮರಿಯ ಕುತ್ತಿಗೆಗೆ ಮುಖ ಒತ್ತಿ, ಏನೋ ಪಿಸುಗುಡುವವಳಂತೆ ತುಟಿ ಅರೆತೆರೆದು ಗಾಳಿ ಎಳೆಯುತ್ತಿದ್ದಳು. ಗಂಡನಿಗೆ ಕಾಣಲಿಲ್ಲ. ಇನ್ನು ಯಾರಿಗೂ ಕಾಣುವಂಥದ್ದಲ್ಲ. ಹಾರಿದ ಒಂದೇ ಒಂದು ಹೊಲಿಗೆ ಅದು.

ಆಗ ಅವಳು ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ, ಬೈಯುವುದಕ್ಕೂ ಬಾಯಿ ಬರುವುದಿಲ್ಲ. ಬೇಡ ಬೇಡ ಅಂದು ಅಂದು ಅವಳಿಗೇ ಸಾಕಾಗಿತ್ತು. ಒಂದು ಸಲ, ಒಂದೇ ಸಲ, ಆ ಮಗುವಿಗೆ ಹೂಂ ಅನ್ನುವ ತಾಯಿಯಾಗಬೇಕು ಅನ್ನಿಸಿತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದನ್ನೇ ನೋಡುತ್ತ, "ಎಲ್ಲಾ ಸರಿಯಾಗೇ ಇದೆ ಮೇಡಂ. ಈ ಮರಿನೇ ತಗೋತೀವಿ," ಎಂದುಬಿಟ್ಟಳು.

ಟೀಚರು ಮಗಳ ಪಕ್ಕ ಕೂತು, ಬೆನ್ನ ಮೇಲೆ ಅಂಗೈ ಇಟ್ಟರು. "ಪುಟ್ಟಿ, ಒಂದರಿಂದ ಹತ್ತರ ತನಕ ಒಂದೇ ಉಸಿರಲ್ಲಿ ಎಣಿಸು ನೋಡೋಣ."

ಮಗಳು ತಾಯಿಯ ಕಡೆ ಒಮ್ಮೆ ನೋಡಿದಳು. ಒಂದು, ಎರಡು, ಮೂರು, ನಾಲ್ಕು ಎಂದಳು. ಐದಕ್ಕೆ ಕೆಮ್ಮು ಬಂತು. ಗಂಡ ಗಾಬರಿಬಿದ್ದು ಎದ್ದ. ಚೀಲದಿಂದ ಇನ್‌ಹೇಲರ್ ತೆಗೆದು ಕೊಟ್ಟವನು ಅವನೇ. ಟೀಚರು ಮಗಳನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು ಗಾಳಿಗೆ ಕೂರಿಸಿ, ಮರಿಯನ್ನು ಒಳಗೆ ಬಿಟ್ಟು ಬಂದರು.

"ಈ ಮರಿ ನಿಮಗೆ ಕೊಡಲ್ಲಮ್ಮ," ಎಂದರು.

ಇವಳಿಗೆ ಎಲ್ಲಿತ್ತೋ ಸಿಟ್ಟು. "ನಮ್ಮ ಮಗಳನ್ನ ನಾವು ನೋಡ್ಕೋತೀವಿ. ನೀವು ಯಾರು ಬೇಡ ಅನ್ನೋಕೆ?"

"ಮೂವತ್ತು ವರ್ಷ ಮಕ್ಕಳನ್ನ ಮೈದಾನದಲ್ಲಿ ಓಡಿಸಿದೀನಿ. ಉಸಿರು ಬಚ್ಚಿಡೋ ಮಕ್ಕಳು ನಂಗೆ ಗೊತ್ತು. ಬೇಗ ಗೊತ್ತಾಗಲ್ಲ, ನಿಜ. ಆದ್ರೆ ನಿಮಗೆ ನನಗಿಂತ ಮೊದಲೇ ಗೊತ್ತಾಯ್ತು. ನಾನು ಅವಳನ್ನಲ್ಲ, ನಿಮ್ಮನ್ನೇ ನೋಡ್ತಿದ್ದೆ." ಟೀಚರು ದನಿ ಏರಿಸಲಿಲ್ಲ. "ಇಪ್ಪತ್ತು ನಿಮಿಷಕ್ಕೇ ಹೀಗಾದ್ರೆ, ಒಂದು ತಿಂಗಳಿಗೆ ಮರಿ ನನ್ನ ಹತ್ರ ವಾಪಸ್ ಬರುತ್ತೆ. ಆಗ ಇವಳಿಗೆ ಇನ್ನೂ ಕಷ್ಟ ಅಲ್ವಾ?"

ಮೂವರೂ ಬಸ್ ಸ್ಟಾಪಿಗೆ ನಡೆದರು. ಮಗಳು ಅಳುತ್ತಿರಲಿಲ್ಲ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ತಾಯಿ ತಡೆಯಲಾರದೆ ಹೇಳಿದಳು.

"ನಾನು ನೋಡಿದ್ದೆ ಕಣೇ. ನೋಡೀನೂ ನೋಡದ ಹಾಗೆ ಇದ್ದೆ. ತಪ್ಪಾಯ್ತು."

"ನಂಗೊತ್ತು. ನೀನು ಕಿಟಕಿ ಕಡೆ ತಿರುಗಿದಾಗ್ಲೇ ಗೊತ್ತಾಯ್ತು," ಎಂದಳು ಮಗಳು. ಆಮೇಲೆ ಯಾವುದೋ ಪಾಠ ಒಪ್ಪಿಸುವವಳಂತೆ ಹೇಳಿದಳು: "ಇವತ್ತು ನೋಡಿದೆ ಅಷ್ಟೇ ಅಮ್ಮ. ದಿನಾ ನೋಡಲ್ಲ ನೀನು."

"ಏನೇ ಹಂಗಂದ್ರೆ?"

"ಬೆಳಿಗ್ಗೆ ನೀನು ನನ್ನ ಬೆನ್ನಿಗೆ ಕಿವಿ ಇಡ್ತೀಯಲ್ಲ, ಅದಕ್ಕಿಂತ ಮುಂಚೆನೇ ಬಚ್ಚಲಲ್ಲಿ ಇನ್‌ಹೇಲರ್ ಎಳ್ಕೊಂಡಿರ್ತೀನಿ. ಸ್ಕೂಲ್ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತು ಶೂ ಲೇಸ್ ಕಟ್ಟೋ ಥರ ಮಾಡ್ತೀನಿ. ಎರಡು ವರ್ಷ ಆಯ್ತು. ನಿನ್ನ ಕಣ್ಣಿಗೆ ಬೀಳ್ದೆ ಹೇಗೆ ಉಸಿರಾಡ್ಬೇಕು ಅಂತ ನಂಗೆ ಚೆನ್ನಾಗಿ ಬರುತ್ತೆ."

"ಯಾಕೆ ಪುಟ್ಟಿ?"

"ಗೊತ್ತಾದ್ರೆ ಎಲ್ಲಾನೂ ಬೇಡ ಅಂತೀಯಲ್ಲ. ಈಜು ಬೇಡ, ಟ್ರಿಪ್ಪು ಬೇಡ, ಓಟ ಬೇಡ."

ಗಂಡ ರಸ್ತೆಯ ಕಡೆ ನೋಡುತ್ತ ನಿಂತಿದ್ದವನು ಹಾಗೇ ನಿಂತ. ತಾಯಿಯ ಬಾಯಿಗೆ ಬೈಗುಳ ಬಂತು, ಹಿಂದೆಯೇ ಅಳು ಬಂತು, ಅದರ ಹಿಂದೆ ಸಾಲುಗಟ್ಟಿ ಪ್ರಶ್ನೆಗಳು ಬಂದವು: ದಿನಕ್ಕೆ ಎಷ್ಟು ಸಲ, ಯಾವ ಮೆಟ್ಟಿಲು, ಸ್ಕೂಲಿನ ಟೀಚರಿಗೆ ಗೊತ್ತೇ, ಔಷಧಿ ಬೇಗ ಖಾಲಿಯಾಗುತ್ತಿದ್ದದ್ದು ಇದಕ್ಕೇನೇ. ಒಂದನ್ನೂ ಆಚೆ ಬಿಡದೆ ನುಂಗಿಕೊಂಡಳು. ಮಗಳ ಎರಡೂ ಕೈ ಹಿಡಿದುಕೊಂಡಳು. ಭುಜವನ್ನು ನೋಡಬಾರದೆಂದು ಅವಳ ಮುಖವನ್ನೇ ನೋಡಿದಳು.

"ಈಗ ಹೇಗಿದೆ? ಏನಿದ್ರೂ ಹೇಳು, ನಾನು ಬೇಡ ಅನ್ನಲ್ಲ."

ಮಗಳು ಬಾಯಿ ತೆರೆದಳು. ಎಂದಿನ ಉತ್ತರ ತುದಿನಾಲಿಗೆಗೆ ಬಂದಿತ್ತು, ತಾಯಿಗೆ ಅದೂ ಕಂಡಿತು. ಆಮೇಲೆ ಮಗಳು ಬಾಯಿ ಮುಚ್ಚಿ, ಮತ್ತೆ ತೆರೆದು, "ಚೆನ್ನಾಗಿಲ್ಲ ಅಮ್ಮ," ಎಂದಳು.

ಮನೆಯ ಕಡೆಯ ಬಸ್ಸು ಬಂತು. ಅದನ್ನು ಬಿಟ್ಟು, ಮೂವರೂ ರಸ್ತೆ ದಾಟಿ ಆಸ್ಪತ್ರೆಯ ಕಡೆಯ ಬಸ್ಸು ಹತ್ತಿದರು.